ಸೂಜಿಮದ್ದಿನ ಲೆಕ್ಕ

ನಮ್ಮ ಇತಿಹಾಸದ ಪಠ್ಯಪುಸ್ತಕಗಳಲ್ಲಿ ಯುದ್ಧಗಳಿಗೆ ಸಿಕ್ಕಷ್ಟು ಜಾಗ ರೋಗಗಳಿಗೆ ಸಿಕ್ಕಿಲ್ಲ. ಪಾಣಿಪತ್ತಿನ ಇಸವಿ ತಪ್ಪಿದರೆ ಅಂಕ ಹೋಗುತ್ತದೆ. ಪ್ಲೇಗಿನ ಇಸವಿಯನ್ನು ಯಾರೂ ಕೇಳುವುದೇ ಇಲ್ಲ. ಹೆಂಗಸರ ನೆನಪಿನ ಇತಿಹಾಸ ಮಾತ್ರ ಬೇರೆಯೇ ಇತ್ತು. ನಮ್ಮ ಕಡೆಯ ಹಳೆಯ ತಲೆಮಾರಿನವರು ವಯಸ್ಸು ಹೇಳುವಾಗ ಇಸವಿಯನ್ನು ಹಿಡಿಯುತ್ತಿರಲಿಲ್ಲ. ‘ಪ್ಲೇಗು ಬಂದಾಗ ಅವನು ತೊಟ್ಟಿಲದಾಗಿದ್ದ’ ಎನ್ನುತ್ತಿದ್ದರು. ಮನೆಯಲ್ಲಿ ಇಲಿ ಸತ್ತು ಬಿದ್ದರೆ ಬಾಗಿಲಿಗೆ ಬೀಗ ಜಡಿದು, ಊರ ಹೊರಗೆ ಗುಡಿಸಲು ಹಾಕಿಕೊಂಡು ತಿಂಗಳುಗಟ್ಟಲೆ ಒಲೆ ಹೂಡಿದವರು ಅವರು. ಬೆಂಗಳೂರಿನಲ್ಲಂತೂ ಜನ ಪ್ಲೇಗಮ್ಮನಿಗೆ ಗುಡಿಯನ್ನೇ ಕಟ್ಟಿದರು.

ಈ ಮಾರಿ ಮುಂಬಯಿಯಲ್ಲಿ ಕಾಣಿಸಿಕೊಂಡದ್ದು 1896ರಲ್ಲಿ. ಅಲ್ಲಿಂದ ರೈಲು ಹಿಡಿದು 1898ರ ಹೊತ್ತಿಗೆ ಹುಬ್ಬಳ್ಳಿ, ಧಾರವಾಡಗಳಲ್ಲಿ ಹಬ್ಬಿ, ಅದೇ ಆಗಸ್ಟಿನಲ್ಲಿ ಬೆಂಗಳೂರನ್ನೂ ಮುಟ್ಟಿತು. ಅದಕ್ಕೆ ಲಸಿಕೆ ಮಾಡಿದವನು ವಾಲ್ಡೆಮಾರ್ ಹಾಫ್‌ಕಿನ್ ಎಂಬ ವಿಜ್ಞಾನಿ. 1897ರ ಜನವರಿ 10ರಂದು ಅವನು ಮುಂಬಯಿಯಲ್ಲಿ ಮೊದಲು ತನ್ನ ಮೈಗೇ ಅದನ್ನು ಚುಚ್ಚಿಸಿಕೊಂಡ. ಅದೂ ಮುಂದೆ ಜನರಿಗೆ ಕೊಟ್ಟದ್ದಕ್ಕಿಂತ ಬಹಳ ಹೆಚ್ಚಿನ ಪ್ರಮಾಣದಲ್ಲಿ. ಜ್ವರ ಬಂತು, ನೋವು ಬಂತು, ಇಳಿಯಿತು. ಆದರೆ ತಾನು ಬದುಕಿದ್ದೇನೆ ಎಂಬುದರಿಂದ ಲಸಿಕೆ ಅಪಾಯಕಾರಿಯಲ್ಲ ಎನ್ನಬಹುದೇ ಹೊರತು ಅದು ರೋಗ ತಡೆಯುತ್ತದೆ ಎನ್ನಲಾಗದು. ಅದಕ್ಕೆ ಬೇರೆಯೇ ಪರೀಕ್ಷೆ ಬೇಕು.

ಆ ಪರೀಕ್ಷೆ ನಡೆದದ್ದು ಅದೇ ತಿಂಗಳ ಕೊನೆಗೆ, ಬೈಕುಲ್ಲಾ ಜೈಲಿನಲ್ಲಿ. ಅಲ್ಲಿ ಪ್ಲೇಗು ಹೊಕ್ಕಿತ್ತು. ಕೈದಿಗಳಲ್ಲಿ ಸುಮಾರು ಅರ್ಧದಷ್ಟು ಜನ ತಾವಾಗಿ ಮುಂದೆ ಬಂದು ಲಸಿಕೆ ಹಾಕಿಸಿಕೊಂಡರು, ಉಳಿದವರು ಹಾಕಿಸಿಕೊಳ್ಳಲಿಲ್ಲ. ಅದೇ ಗೋಡೆ, ಅದೇ ಊಟ, ಅದೇ ಇಲಿ. ಹಾಕಿಸಿಕೊಳ್ಳದವರಲ್ಲಿ 12 ಜನಕ್ಕೆ ಪ್ಲೇಗು ತಗಲಿತು, 6 ಜನ ಸತ್ತರು. ಹಾಕಿಸಿಕೊಂಡವರಲ್ಲಿ ತಗಲಿದ್ದು ಇಬ್ಬರಿಗೆ, ಸತ್ತವರಿಲ್ಲ.

ಲಸಿಕೆ ‘ನೂರಕ್ಕೆ ಎಂಬತ್ತು ಪರಿಣಾಮಕಾರಿ’ ಎಂಬ ಮಾತಿನ ಅರ್ಥ ಇಲ್ಲಿಯೇ ಇದೆ. ಕೊರೋನಾ ಕಾಲದಲ್ಲಿ ನಮ್ಮ ಟೀಚರುಗಳ ಕೋಣೆಯಲ್ಲಿಯೂ ಅನೇಕರು ಇದನ್ನು ‘ಹಾಕಿಸಿಕೊಂಡ ನೂರು ಮಂದಿಯಲ್ಲಿ ಇಪ್ಪತ್ತು ಮಂದಿಗೆ ರೋಗ ಬಂದೇ ಬರುತ್ತದೆ’ ಎಂದು ಓದುತ್ತಿದ್ದರು. ಹಾಗಲ್ಲ. ಲಸಿಕೆ ಇಲ್ಲದೆ ಎಷ್ಟು ಜನಕ್ಕೆ ಬರುತ್ತಿತ್ತೋ ಅದರಲ್ಲಿ ನೂರಕ್ಕೆ ಎಂಬತ್ತು ಕಡಿಮೆಯಾಯಿತು ಎಂದು ಅರ್ಥ. ಒಂದು ಗುಂಪಿನಲ್ಲಿ ಹನ್ನೆರಡು, ಅಷ್ಟೇ ದೊಡ್ಡ ಇನ್ನೊಂದು ಗುಂಪಿನಲ್ಲಿ ಎರಡು: ಲೆಕ್ಕ ಹಾಕಿದರೆ ಎಂಬತ್ತರ ಆಸುಪಾಸಿಗೆ ಬರುತ್ತದೆ. ಹೋಲಿಸಲು ಎರಡನೆಯ ಗುಂಪು ಇಲ್ಲದಿದ್ದರೆ ಈ ಅಂಕಿಗೆ ಅರ್ಥವೇ ಇಲ್ಲ.

ಮುಂದಿನ ಅಧ್ಯಾಯ ನಮ್ಮ ಹುಬ್ಬಳ್ಳಿಯದು. 1898ರಲ್ಲಿ ಸುಮಾರು 50,000 ಜನವಸತಿಯ ಆ ಊರಿನಲ್ಲಿ ಲ್ಯೂಮನ್ ಎಂಬ ಡಾಕ್ಟರು ಬಹುಪಾಲು ಜನಕ್ಕೆ ಸೂಜಿ ಹಾಕಿಸಿದರು. ಅನೇಕರಿಗೆ ಎರಡೆರಡು ಸಲ. ಧಾರವಾಡ, ಗದಗಗಳಲ್ಲಿ ಈ ಕೆಲಸಕ್ಕೆ ನಿಂತವರಲ್ಲಿ ಮಿಸ್ ಕಾರ್ಥಾರ್ನ್ ಎಂಬ ಲೇಡಿ ಡಾಕ್ಟರೂ ಇದ್ದರು. ಗಂಡು ಡಾಕ್ಟರನ ಮುಂದೆ ತೋಳು ಬಿಚ್ಚುವುದಕ್ಕೂ ಹೆಂಗಸರು ಹಿಂಜರಿಯುತ್ತಿದ್ದ ಕಾಲ ಅದು. ಲೇಡಿ ಡಾಕ್ಟರು ಎಂದರೆ ಎಷ್ಟು ಮನೆಗಳ ಬಾಗಿಲು ತೆರೆದಿರಬಹುದೆಂದು ಓದುಗರೇ ಊಹಿಸಿಕೊಳ್ಳಿ.

ಸರಕಾರ ನೇಮಿಸಿದ್ದ ಪ್ಲೇಗು ಆಯೋಗ ಈ ಊರುಗಳ ಅಂಕಿಗಳನ್ನು ಜಾಲಿಸಿತು. ಎಣಿಕೆಯಲ್ಲಿ ಲೋಪಗಳಿವೆ ಎಂದು ಹೇಳಿಯೂ ಅದು ಕೊಟ್ಟ ತೀರ್ಪು ಹೀಗಿತ್ತು: ಲಸಿಕೆ ರೋಗವನ್ನು ಗಣನೀಯವಾಗಿ ಕಡಿಮೆ ಮಾಡುತ್ತದೆ, ಪೂರ್ತಿ ತಡೆಯುವುದಿಲ್ಲ; ಸಾವನ್ನು ಕಡಿಮೆ ಮಾಡುತ್ತದೆ; ಚುಚ್ಚಿದ ಮೊದಲ ಕೆಲವು ದಿನ ಹೆಚ್ಚಿನ ರಕ್ಷಣೆ ಇರುವುದಿಲ್ಲ; ರಕ್ಷಣೆ ಬಂದ ಮೇಲೂ ಅದು ಕಾಯಂ ಅಲ್ಲ. ನೂರಿಪ್ಪತ್ತು ವರ್ಷಗಳ ನಂತರ ಟಿವಿಯಲ್ಲಿ ನಾವು ಕೇಳಿದ್ದೂ ಹೆಚ್ಚುಕಡಿಮೆ ಇದನ್ನೇ ಅಲ್ಲವೇ?

ನಮ್ಮ ದೇಶದಲ್ಲಿ ಕೊರೋನಾ ಲಸಿಕೆ ಶುರುವಾದದ್ದು 2021ರ ಜನವರಿ 16ರಂದು. ಆಗ ಕೋವಿಶೀಲ್ಡ್‌ನ ಎರಡು ಡೋಸುಗಳ ನಡುವೆ 4ರಿಂದ 6 ವಾರ ಎಂದರು. ಮಾರ್ಚಿನಲ್ಲಿ 8 ವಾರದವರೆಗೆ ಆಗಬಹುದು ಎಂದರು. ಮೇ 13ರಂದು 12ರಿಂದ 16 ವಾರ ಎಂದರು. ನಮ್ಮ ಅತ್ತೆಯವರಿಗೆ ಆಗ ಎಪ್ಪತ್ತೆಂಟು. ಏಪ್ರಿಲ್ ಮೊದಲ ವಾರ ಒಂದು ಡೋಸು ಆಗಿತ್ತು. ಎರಡನೆಯದಕ್ಕೆಂದು ಮೇ ತಿಂಗಳಲ್ಲಿ ಇಳಕಲ್ ಸೀರೆ ಉಟ್ಟು ಹೋದವರನ್ನು ‘ಅಜ್ಜಿ, ಜುಲೈದಾಗ ಬರ್ರಿ’ ಎಂದು ಕಳಿಸಿದರು. ಓಣಿಯಲ್ಲಿ ದಿನಕ್ಕೊಂದು ಸಾವಿನ ಸುದ್ದಿ. ಮನೆಗೆ ಬಂದು ಕೂತು ಅವರು ಕೇಳಿದರು: ‘ಅಲ್ಲವ್ವಾ, ಆವಾಗ ಹೇಳಿದ್ದು ಖರೇನೋ, ಈಗ ಹೇಳೂದು ಖರೇನೋ?’

ಎರಡೂ ಖರೆ ಎಂದು ಹೇಳುವುದು ಸುಲಭ, ವಿವರಿಸುವುದು ಕಷ್ಟ. ಈ ಲಸಿಕೆಯ ಪರೀಕ್ಷೆಯಲ್ಲಿ ಎಲ್ಲರಿಗೂ ಒಂದೇ ಅಂತರದಲ್ಲಿ ಎರಡನೆಯ ಡೋಸು ಕೊಡಲು ಆಗಿರಲಿಲ್ಲ, ಕೆಲವರಿಗೆ ತಡವಾಯಿತು. ಆ ತಡವೇ ಒಂದು ಹೊಸ ಪಾಠ ಕಲಿಸಿತು. 6 ವಾರದೊಳಗೆ ಎರಡನೆಯದನ್ನು ಪಡೆದವರಲ್ಲಿ ರಕ್ಷಣೆ ನೂರಕ್ಕೆ ಸುಮಾರು 55, 12 ವಾರ ಅಥವಾ ಹೆಚ್ಚು ಕಾದವರಲ್ಲಿ ಸುಮಾರು 81 ಎಂದು 2021ರ ಫೆಬ್ರವರಿಯಲ್ಲಿ ಪ್ರಕಟವಾಯಿತು. ಮಗ್ಗಿ ಹೇಳಿಕೊಟ್ಟ ಮರುಗಳಿಗೆಯಲ್ಲೇ ಮತ್ತೆ ಹೇಳಿಸಿದರೆ ಮಗು ಒಪ್ಪಿಸಿಬಿಡುತ್ತದೆ, ಕೆಲ ದಿನ ಬಿಟ್ಟು ಹೇಳಿಸಿದರೆ ಅದು ತಲೆಯಲ್ಲಿ ನಿಲ್ಲುತ್ತದೆ. ಮೈಯೂ ಹಾಗೆಯೇ ಕಲಿಯುತ್ತದೆ ಎಂದು ಅತ್ತೆಯವರಿಗೆ ಹೇಳಿದೆ.

ಆದರೆ ಕಾಯುವುದಕ್ಕೂ ಒಂದು ಬೆಲೆ ಇತ್ತು. ಆಗ ಹಬ್ಬುತ್ತಿದ್ದ ಡೆಲ್ಟಾ ತಳಿಯ ಕಾಯಿಲೆಯ ಎದುರು ಒಂದೇ ಡೋಸಿನ ಬಲ ನೂರಕ್ಕೆ 30, ಎರಡು ಡೋಸಿಗೆ 67 ಎಂದು ಬ್ರಿಟನ್ನಿನ ಅಧ್ಯಯನ ಹೇಳಿತು. ಆಸ್ಪತ್ರೆ ಸೇರುವಷ್ಟು ಬಿಗಡಾಯಿಸದಂತೆ ತಡೆಯುವಲ್ಲಿ ಮಾತ್ರ ಒಂದೇ ಡೋಸೂ 71, ಎರಡು ಡೋಸು 92. ನಮ್ಮಲ್ಲಿ ಅಂತರ ಹೆಚ್ಚಿಸಿದ ಮರುದಿನ, ಮೇ 14ರಂದು, ಬ್ರಿಟನ್ ತನ್ನ 50 ದಾಟಿದವರಿಗೆ ಅಂತರವನ್ನು 12ರಿಂದ 8 ವಾರಕ್ಕೆ ಇಳಿಸಿತು. ನಮ್ಮಲ್ಲಿ ಲಸಿಕೆಯ ಕೊರತೆಯೂ ಇತ್ತು. ಇರುವುದನ್ನು ಹೆಚ್ಚು ಜನಕ್ಕೆ ಒಂದೊಂದು ಸಲ ಹಂಚಬೇಕೋ, ಮುದುಕರಿಗೆ ಬೇಗ ಎರಡನೆಯದನ್ನು ಮುಗಿಸಬೇಕೋ ಎಂಬುದು ನಿಜವಾದ ಇಕ್ಕಟ್ಟು. ಅಂತರ ಹೆಚ್ಚಿಸಲು ಆಧಾರವಿತ್ತು, ಗೋದಾಮೂ ಬರಿದಾಗಿತ್ತು. ಎರಡನ್ನೂ ಜನರ ಮುಂದೆ ಬಿಚ್ಚಿಟ್ಟಿದ್ದರೆ ಅನುಮಾನಕ್ಕೆ ಅಷ್ಟು ಎಡೆಯಿರುತ್ತಿರಲಿಲ್ಲ. ಅಂಕಿ ಮುಚ್ಚಿಟ್ಟಲ್ಲಿ ಗಾಳಿಮಾತು ಬೆಳೆಯುತ್ತದೆ, ಪ್ಲೇಗಿನ ಕಾಲದಲ್ಲೂ ಬೆಳೆದಿತ್ತು.

ಅತ್ತೆಯವರು ಜುಲೈಯಲ್ಲಿ ಎರಡನೆಯದನ್ನು ಹಾಕಿಸಿಕೊಂಡರು. ಮೂರನೆಯ ಡೋಸು, ಅಂದರೆ ಮುನ್ನೆಚ್ಚರಿಕೆಯ ಡೋಸು, ದೇಶದಲ್ಲಿ ಶುರುವಾದದ್ದು 2022ರ ಜನವರಿ 10ರಂದು; ಹಾಫ್‌ಕಿನ್ ತನಗೆ ತಾನೇ ಚುಚ್ಚಿಸಿಕೊಂಡು ಸರಿಯಾಗಿ 125 ವರ್ಷ. ಅಷ್ಟರಲ್ಲಿ ಅತ್ತೆಯವರ ಪ್ರಶ್ನೆಯೂ ಬದಲಾಗಿತ್ತು. ‘ಇದು ಎಷ್ಟು ದಿನ ತಡೀತದ?’ ಎಂದರು.

ಕೇಳಬೇಕಾದದ್ದು ಇಂಥ ಪ್ರಶ್ನೆಯನ್ನೇ. ಲಸಿಕೆ ಒಳ್ಳೆಯದೋ ಕೆಟ್ಟದೋ ಎಂದರೆ ಜಗಳ ಹುಟ್ಟುತ್ತದೆ. ಯಾವುದನ್ನು ತಡೆಯುತ್ತದೆ, ಸೋಂಕನ್ನೋ ಸಾವನ್ನೋ? ಎಷ್ಟನೆಯ ದಿನದಿಂದ? ಎಷ್ಟು ಡೋಸಿಗೆ? ಎಷ್ಟು ಕಾಲ? ಹೀಗೆ ಕೇಳಿದರೆ ಲೆಕ್ಕ ಹುಟ್ಟುತ್ತದೆ. ಮನೆಯ ಮಕ್ಕಳ ಲಸಿಕೆ ಕಾರ್ಡು ಜೋಪಾನ ಮಾಡುವವರು, ತಾರೀಖು ನೆನಪಿಡುವವರು ಹೆಚ್ಚಾಗಿ ನಾವೇ. ಮುಂದೊಂದು ದಿನ ಇನ್ನೊಂದು ಮಾರಿ ಬಂದಾಗಲೂ ಡೋಸಿನ ಮಾತು ಎರಡು ಮೂರು ಸಲ ಬದಲಾದೀತು. ಆಗ ಸಿಟ್ಟಾಗುವ ಮೊದಲು, ಬದಲಾಯಿಸಿದವರನ್ನು ‘ಏನು ಹೊಸದಾಗಿ ತಿಳಿಯಿತು, ತೋರಿಸಿ’ ಎಂದು ಕೇಳೋಣ. ಅವರು ತೋರಿಸಲೇಬೇಕು.