ಚೆಂಡು ಮತ್ತು ಮದ್ದಿನ ಬಟ್ಟಲು: ಮಲತಾಯಿಯ ದುರಂತಕಥೆಯ ಎರಡು ದಾರಿ

ದೊಮ್ಮಲೂರಿನ ಚೊಕ್ಕನಾಥಸ್ವಾಮಿ ಗುಡಿಯ ತಮಿಳು ಶಾಸನಗಳಲ್ಲಿ ಊರಿನ ಹೆಸರು ತೊಂಬಲೂರು. ಅಲ್ಲಿ ದತ್ತಿ ಬಿಟ್ಟವರಲ್ಲಿ ಹೊಯ್ಸಳ ರಾಮನಾಥನೂ ಒಬ್ಬ. ಅರಸ ಸೋಮೇಶ್ವರ ತನ್ನ ರಾಜ್ಯವನ್ನು ಇಬ್ಬರು ರಾಣಿಯರ ಮಕ್ಕಳಿಗೆ ಹಂಚಿದ್ದ: ದೋರಸಮುದ್ರ ಮೂರನೆಯ ನರಸಿಂಹನಿಗೆ, ತಮಿಳು ಸೀಮೆ ರಾಮನಾಥನಿಗೆ. ಮಲ ಅಣ್ಣತಮ್ಮಂದಿರ ಜಗಳದಲ್ಲಿ ಒಡೆದ ಮನೆಯನ್ನು ಮತ್ತೆ ಒಂದುಗೂಡಿಸಿದವನು ನರಸಿಂಹನ ಮಗ ಮೂರನೆಯ ಬಲ್ಲಾಳ. ಮಲಸಂಬಂಧದ ಕಾರಣಕ್ಕೆ ಕನ್ನಡಿಗರು ಇಂದಿಗೂ ನೆನೆಯುವ ಇನ್ನೊಂದು ಅರಮನೆ ಕಂಪಿಲಿಯದು. ಅದು ಉರಿದುಹೋದದ್ದು ಇದೇ ಬಲ್ಲಾಳನ ಕಾಲದಲ್ಲಿ.

1327ರ ಸುಮಾರಿಗೆ ಮುಹಮ್ಮದ್ ಬಿನ್ ತುಘಲಕನ ವಿರುದ್ಧ ದಂಗೆಯೆದ್ದ ಬಹಾವುದ್ದೀನ್ ಗುರ್ಷಾಸ್ಪನಿಗೆ ಕಂಪಿಲರಾಯ ಆಶ್ರಯ ಕೊಟ್ಟ. ದೆಹಲಿಯ ಸೇನೆ ಮುತ್ತಿತು. ಗುರ್ಷಾಸ್ಪನನ್ನು ಬಲ್ಲಾಳನ ಬಳಿಗೆ ಕಳಿಸಿ, ಹೆಂಗಸರನ್ನು ಬೆಂಕಿಗೆ ಒಪ್ಪಿಸಿ, ರಾಯ ಕಾದಿ ಮಡಿದನೆಂದು ಇಬ್ನ್ ಬತೂತ ಬರೆದಿದ್ದಾನೆ. ಬಲ್ಲಾಳ ಅತಿಥಿಯನ್ನು ಶತ್ರುವಿಗೆ ಒಪ್ಪಿಸಿಬಿಟ್ಟ. ಈ ಇಡೀ ವೃತ್ತಾಂತದಲ್ಲಿ ಮಲತಾಯಿಯ ಸುದ್ದಿಯೇ ಇಲ್ಲ.

ಅವಳು ಬರುವುದು ಸುಮಾರು ಎರಡು ಶತಮಾನ ಕಳೆದ ಮೇಲೆ, ನಂಜುಂಡ ಕವಿಯ ಸಾಂಗತ್ಯದಲ್ಲಿ. ಕಂಪಿಲರಾಯನ ಮಗ ಕುಮಾರರಾಮ ಆಡುತ್ತಿದ್ದ ಚೆಂಡು ಕಿರಿಯ ರಾಣಿ ರತ್ನಾಜಿಯ ಅರಮನೆಯೊಳಗೆ ಬೀಳುತ್ತದೆ. ತರಲು ಹೋದವನನ್ನು ಅವಳು ಬಯಸುತ್ತಾಳೆ. ತಾಯಿಯೆಂದು ಕರೆದು ಅವನು ಹಿಂದೆ ಸರಿದಾಗ ಗಂಡನ ಮುಂದೆ ಅವನ ಮೇಲೆಯೇ ದೂರುತ್ತಾಳೆ. ಕಂಪಿಲ ಮಗನ ತಲೆ ತೆಗೆಯಲು ಅಪ್ಪಣೆ ಕೊಡುತ್ತಾನೆ. ಮಂತ್ರಿ ಬೈಚಪ್ಪ ಅವನನ್ನು ಅಡಗಿಸಿಟ್ಟು ಬೇರೆ ತಲೆ ತೋರಿಸುತ್ತಾನೆ.

ಈ ಕಥೆಯ ಬೇರು ಕುಮಾರರಾಮನ ‘ಪರನಾರೀ ಸಹೋದರ’ ಬಿರುದಿನಲ್ಲಿದೆ ಎಂಬುದು ನನ್ನ ಊಹೆ. ‘ಪರನಾರೀ ಸಹೋದರ’, ‘ಪರನಾರೀಪುತ್ರ’ ಎಂಬಂಥ ಬಿರುದುಗಳು ಅವನಿಗಿಂತ ಹಿಂದಿನ ಶಾಸನಗಳಲ್ಲೂ ಧಾರಾಳವಾಗಿವೆ. ಮಡಿದ ವೀರನಿಗೆ ಅಂಟಿದ ಬಿರುದಿಗೆ ಸಾಕ್ಷಿಯೊಂದು ಬೇಕಾಯಿತು; ರತ್ನಾಜಿ ಆ ಸಾಕ್ಷಿಯಾದಳು. ಇದರ ಅಚ್ಚು ಹೊಸದಲ್ಲ. ಅಶೋಕನ ಮಗ ಕುಣಾಲ ಮತ್ತು ತಿಷ್ಯರಕ್ಷಿತೆ, ಗ್ರೀಕರ ಹಿಪ್ಪೊಲಿಟಸ್ ಮತ್ತು ಫೈದ್ರಾ, ತೆಲುಗಿನ ಸಾರಂಗಧರ ಮತ್ತು ಚಿತ್ರಾಂಗಿ ಇದೇ ಸಾಲಿನವರು. ಸಾರಂಗಧರನ ಕಥೆಯಲ್ಲಿ ಚೆಂಡಿನ ಜಾಗದಲ್ಲಿ ಪಾರಿವಾಳವಿದೆ, ಅಷ್ಟೆ.

ಚೀನಾದಲ್ಲಿ ಈ ಕಥೆ ಬೇರೆ ದಾರಿ ಹಿಡಿಯಿತು. 1934ರಲ್ಲಿ, ಇನ್ನೂ ಇಪ್ಪತ್ತರ ಹರೆಯದಲ್ಲಿದ್ದ ತ್ಸಾವೊ ಯು ‘ಗುಡುಗುಮಳೆ’ ನಾಟಕವನ್ನು ಪ್ರಕಟಿಸಿದ. ಗಣಿಯ ಒಡೆಯನ ಹೆಂಡತಿ ಫಾನ್ಯಿಗೂ ಮಲಮಗ ಝೌ ಪಿಂಗನಿಗೂ ಸಂಬಂಧ ನಡೆದುಹೋಗಿದೆ. ಅವನೀಗ ಆಳುಮಗಳನ್ನು ಪ್ರೀತಿಸುತ್ತಾನೆ. ಅವಳು ತನ್ನ ಸ್ವಂತ ತಾಯಿಗೆ ಹುಟ್ಟಿದ ತಂಗಿಯೆಂದು ಅವನಿಗೆ ತಿಳಿಯದು. ನಾಟಕದ ತಿರುಳು ಒಂದು ಬಟ್ಟಲು ಮದ್ದು. ಹೆಂಡತಿಗೆ ಕಾಯಿಲೆಯೆಂದು ಗಂಡನೇ ತೀರ್ಮಾನಿಸಿ, ಮಕ್ಕಳ ಎದುರಿನಲ್ಲಿ ಕುಡಿಯಲೇಬೇಕೆಂದು ಹಟ ಹಿಡಿಯುತ್ತಾನೆ. ಬೇಡವೆನ್ನುವ ಹಕ್ಕು ಅವಳಿಗಿಲ್ಲ.

ನಿರ್ದೇಶಕ ಝಾಂಗ್ ಯಿಮೌ 2006ರಲ್ಲಿ ಇದೇ ನಾಟಕವನ್ನು ಹತ್ತನೆಯ ಶತಮಾನದ ಅರಮನೆಗೆ ಒಯ್ದು ‘ಕರ್ಸ್ ಆಫ್ ದ ಗೋಲ್ಡನ್ ಫ್ಲವರ್’ ಚಿತ್ರ ಮಾಡಿದ. ಗಾಂಗ್ ಲಿ ರಾಣಿ, ಚೌ ಯುನ್-ಫ್ಯಾಟ್ ಚಕ್ರವರ್ತಿ. ಬಟ್ಟಲು ಉಳಿಯಿತು, ಅದಕ್ಕೀಗ ವಿಷವೂ ಬೆರೆಯಿತು. ನಡುಗುವ ಕೈಯಲ್ಲಿ ರಾಣಿ ಸೇವಂತಿಗೆ ಕಸೂತಿ ಹಾಕುತ್ತಾ ದಂಗೆಗೆ ಸಿದ್ಧಳಾಗುತ್ತಾಳೆ. ಅದೇ ವರ್ಷ ಕನ್ನಡದಲ್ಲಿ ಶಿವರಾಜ್‌ಕುಮಾರ್ ಅಭಿನಯದ ‘ಗಂಡುಗಲಿ ಕುಮಾರರಾಮ’ ಬಂತು. ಹೆಸರೇ ಹೇಳುವಂತೆ ನಮ್ಮ ಕಣ್ಣು ಇಲ್ಲಿಯೂ ಗಂಡುಗಲಿಯ ಮೇಲೆಯೇ.

ನಂಜುಂಡನನ್ನು ಈ ಚೀನೀ ನಾಟಕದ ಪಕ್ಕದಲ್ಲಿಟ್ಟು ಓದಿದಾಗ ನನಗೆ ರತ್ನಾಜಿಗಿಂತ ಕಂಪಿಲನೇ ಹೆಚ್ಚು ಕಾಡುತ್ತಾನೆ. ಯೌವನಕ್ಕೆ ಬಂದ ಮಗನಿರುವಾಗ ಎಳೆಯ ಹೆಣ್ಣನ್ನು ಮನೆತುಂಬಿಸಿಕೊಂಡವನು ಅವನು. ಮಗನನ್ನು ಒಂದು ಮಾತೂ ಕೇಳದೆ ಕೊಲ್ಲಲು ಹೇಳಿದವನೂ ಅವನೇ. ರತ್ನಾಜಿಯ ಸುಳ್ಳು ಘೋರವಾದದ್ದು, ಅದನ್ನು ನಾನು ಮನ್ನಿಸಲಾರೆ. ಆದರೆ ಆ ಸುಳ್ಳಿಗೆ ಕತ್ತಿಯ ಬಲ ಬಂದದ್ದು ಅರಸನ ಅಪ್ಪಣೆಯಿಂದ. ತ್ಸಾವೊ ಯು ಅಂಥ ಯಜಮಾನನನ್ನು ರಂಗದ ನಡುವೆ ತಂದು ನಿಲ್ಲಿಸಿದ. ಸಾಂಗತ್ಯವನ್ನು ಮತ್ತೆ ಕೈಗೆತ್ತಿಕೊಳ್ಳುವ ಓದುಗರು ಚೆಂಡು ಬಿದ್ದ ಪ್ರಸಂಗದಲ್ಲೇ ನಿಲ್ಲದೆ, ಅಪ್ಪಣೆ ಹೊರಟ ಪ್ರಸಂಗವನ್ನೂ ನಿಧಾನವಾಗಿ ಓದಬೇಕೆಂದು ಕೇಳಿಕೊಳ್ಳುತ್ತೇನೆ.