ಬ್ರೈಲ್ ಕಡತಕ್ಕೆ ಪುಟದ ಹಂಗೇಕೆ?

ಅಂಧರ ಓದಿನ ಇತಿಹಾಸದಲ್ಲಿ ಒಂದೇ ತಪ್ಪು ಮತ್ತೆ ಮತ್ತೆ ನಡೆದಿದೆ: ಕಣ್ಣಿಗೆ ಒಗ್ಗಿದ್ದನ್ನೇ ಬೆರಳಿಗೂ ಕೊಡುವುದು. ವ್ಯಾಲೆಂಟಿನ್ ಆಯ್ 1786ರಲ್ಲಿ ಪ್ಯಾರಿಸ್ಸಿನಲ್ಲಿ ಹೊರತಂದ ಪುಸ್ತಕದಲ್ಲಿ ರೋಮನ್ ಲಿಪಿಯನ್ನೇ ಉಬ್ಬಿಸಲಾಗಿತ್ತು. ಅದನ್ನು ತಡವಿ ಓದುವುದು ನಿಧಾನ, ಬರೆಯುವುದಂತೂ ಅಂಧರ ಕೈಲಾಗದ ಮಾತು. ಆತನೇ ಸ್ಥಾಪಿಸಿದ ಅಂಧರ ಶಾಲೆಯಲ್ಲಿ ಕಲಿತ ಲೂಯಿ ಬ್ರೈಲ್ 1829ರಲ್ಲಿ ಪ್ರಕಟಿಸಿದ ಪದ್ಧತಿ ಅಕ್ಷರದ ಆಕಾರವನ್ನೇ ಕೈಬಿಟ್ಟು, ಬೆರಳತುದಿಗೆ ಒಮ್ಮೆಲೇ ಸಿಗುವ ಚುಕ್ಕೆಗಳನ್ನು ಹಿಡಿಯಿತು. ಫ್ರಾನ್ಸ್ ಅದನ್ನು ಅಧಿಕೃತವಾಗಿ ಒಪ್ಪಿದ್ದು 1854ರಲ್ಲಿ, ಬ್ರೈಲ್ ತೀರಿಕೊಂಡ ಎರಡು ವರ್ಷಕ್ಕೆ. ಕಂಪ್ಯೂಟರ್ ಬಂದಮೇಲೆ ಹಳೆಯ ತಪ್ಪು ಹೊಸ ವೇಷದಲ್ಲಿ ಮರಳಿತು. ಈ ಬಾರಿ ನಕಲಾದದ್ದು ಅಕ್ಷರವಲ್ಲ, ಕಾಗದದ ಪುಟ.

ಅಮೆರಿಕದಲ್ಲಿ 1960ರ ದಶಕದಲ್ಲಿ ಕಂಪ್ಯೂಟರ್ ಮೂಲಕ ಬ್ರೈಲ್ ಮುದ್ರಿಸುವ ಪ್ರಯೋಗಗಳು ನಡೆದಾಗ, ಆರು ಚುಕ್ಕೆಗಳ 64 ವಿನ್ಯಾಸಗಳಿಗೆ ಕೀಲಿಮಣೆಯ 64 ಚಿಹ್ನೆಗಳನ್ನು ಹೊಂದಿಸಲಾಯಿತು. ಅದರಿಂದ ಬೆಳೆದ, ಬಿಆರ್‌ಎಫ್ ಎಂಬ ಬ್ರೈಲ್ ಕಡತ ಮಾದರಿ ಇಂದಿಗೂ ಬಳಕೆಯಲ್ಲಿದೆ. ಸಾಲಿಗೆ 40 ಕೋಶ (ಆರು ಚುಕ್ಕೆಗಳ ಒಂದೊಂದು ಗುಂಪೇ ಒಂದು ಕೋಶ), ಪುಟಕ್ಕೆ 25 ಸಾಲು ಎಂಬುದು ಅದರ ರೂಢಿ. ಸಾಲು ಮುರಿಯುವ ಜಾಗವೂ ಕಡತದಲ್ಲೇ ನಿಗದಿಯಾಗಿರುತ್ತದೆ. 33 ಕೋಶದ ಸಾಲೊಂದನ್ನು, ಚುಕ್ಕೆಗಳನ್ನು ಎಬ್ಬಿಸಿ ತೋರಿಸುವ 20 ಕೋಶದ ವಿದ್ಯುನ್ಮಾನ ಬ್ರೈಲ್ ಫಲಕಕ್ಕೆ ಹಾಕಿದರೆ ಮೊದಲು 20, ಆಮೇಲೆ 13, ಉಳಿದ 7 ಖಾಲಿ. ಯಾವುದು ಶೀರ್ಷಿಕೆ, ಯಾವುದು ಅಡಿಟಿಪ್ಪಣಿ ಎಂಬುದು ಕಡತಕ್ಕೆ ಗೊತ್ತಿಲ್ಲ. ಖಾಲಿ ಜಾಗ ನೋಡಿ ಓದುಗನೇ ಊಹಿಸಬೇಕು.

ಭಾರತದ ಭಾಷೆಗಳಿಗೆ ಇದರ ಪೆಟ್ಟು ಇನ್ನೂ ಹೆಚ್ಚು. 1951ರಲ್ಲಿ ಒಪ್ಪಿದ ಭಾರತಿ ಬ್ರೈಲ್‌ನಲ್ಲಿ ಒಂದು ಧ್ವನಿಗೆ ಬಹುತೇಕ ಎಲ್ಲ ಭಾಷೆಗಳಲ್ಲೂ ಒಂದೇ ಗುರುತು. ಒತ್ತಕ್ಷರ ಕೆಳಗಿಳಿಯುವುದಿಲ್ಲ, ‘ಕನ್ನಡ’ ಎಂದರೆ ಕ, ಹಲಂತದ ಚುಕ್ಕೆ, ನ, ನ, ಡ ಎಂಬ ಐದು ಕೋಶಗಳ ನೇರ ಸಾಲು. ಬಿಆರ್‌ಎಫ್ ಇದನ್ನು ಕೆ, ಅಟ್ ಚಿಹ್ನೆ, ಎರಡು ಎನ್, ಡಾಲರ್ ಚಿಹ್ನೆ ಎಂದು ಬರೆದಿಡುತ್ತದೆ. ಇದು ಕನ್ನಡವೋ ತೆಲುಗೋ ಇಂಗ್ಲಿಷೋ ಎಂದು ಹೇಳುವ ಒಂದು ಸುಳಿವೂ ಅದರಲ್ಲಿಲ್ಲ. ಎಲ್ಲ ಲಿಪಿಗಳಿಗೂ ಸಂಕೇತ ಕೊಡುವ ಯೂನಿಕೋಡ್ 1999ರಲ್ಲಿ, ಆರಕ್ಕಿಂತ ಹೆಚ್ಚು ಚುಕ್ಕೆಗಳವೂ ಸೇರಿ 256 ಬ್ರೈಲ್ ವಿನ್ಯಾಸಗಳಿಗೆ ಸ್ವಂತ ಸ್ಥಾನ ಕೊಟ್ಟಿತು. ಚುಕ್ಕೆ ಚುಕ್ಕೆಯಾಗಿ ಉಳಿಯಿತು ನಿಜ, ಭಾಷೆ ಯಾವುದೆಂಬ ಪ್ರಶ್ನೆ ಹಾಗೇ ಉಳಿಯಿತು.

ಇಷ್ಟು ಕಾಲ ಬಾಳಿದ ಕಡತವನ್ನು ಹಳಿಯುವುದೇಕೆ ಎಂದು ಕೇಳಬಹುದು. ಬಿಆರ್‌ಎಫ್ ಸರಳ, ಹಗುರ, ಯಾವ ಮುದ್ರಣಯಂತ್ರವೂ ಅದನ್ನು ಒಲ್ಲೆನೆನ್ನದು. ಕಾಗದದ ಬ್ರೈಲ್‌ಗೆ ಅದು ಸಾಕೆಂಬುದನ್ನು ಒಪ್ಪಲೇಬೇಕು. ಆದರೆ ಓದು ಈಗ ಕಾಗದದಲ್ಲಷ್ಟೇ ಉಳಿದಿಲ್ಲ. ಫೋನೇ ಓದಿ ಹೇಳುವಾಗ ಬ್ರೈಲ್ ಯಾಕೆ ಎಂಬುದು ಇನ್ನೊಂದು ಆಕ್ಷೇಪ. ಕೇಳಿದ ಮಾತ್ರಕ್ಕೆ ಕಾಗುಣಿತ ಕೈಗೆ ಬರುವುದಿಲ್ಲ. ಭಿನ್ನರಾಶಿಯ ಮೇಲೆ ಕೆಳಗೆ ಏನಿದೆ ಎಂಬುದಾಗಲಿ, ನಕ್ಷೆಯಲ್ಲಿ ಕಾವೇರಿ ಯಾವ ಕಡೆ ತಿರುಗುತ್ತದೆ ಎಂಬುದಾಗಲಿ ದನಿಯಲ್ಲಿ ಸ್ಪಷ್ಟವಾಗದು.

ಬೆರಳಿನಿಂದ ತಡವಿ ತಿಳಿಯುವ ಸ್ಪರ್ಶಚಿತ್ರದ ಪ್ರಶ್ನೆ ಏಳುವುದು ಇಲ್ಲೇ. ಒಂದೇ ಕೋಶದ ಚುಕ್ಕೆಗಳ ನಡುವೆಯೇ ಸುಮಾರು 2.5 ಮಿಲಿಮೀಟರ್ ಅಂತರ ಬೇಕಾಗುವ ಬೆರಳಿಗೆ, ಮುದ್ರಿತ ನಕ್ಷೆಯನ್ನು ಹಾಗೇ ಉಬ್ಬಿಸಿಕೊಟ್ಟರೆ ಸಿಗುವುದು ಬರೀ ಒರಟು ಮೇಲ್ಮೈ. ನದಿ, ಗಡಿ, ಊರುಗಳನ್ನು ಬೇರೆ ಬೇರೆ ಹಂತಗಳಲ್ಲಿ ಕೊಡಬೇಕು. ಬಿಆರ್‌ಎಫ್‌ನಲ್ಲಿ ಚಿತ್ರಕ್ಕೆಂದೇ ಜಾಗವಿಲ್ಲ. ಮುದ್ರಿತ ಪುಸ್ತಕ ಓದಲಾಗದವರಿಗಾಗಿ ಮಾನದಂಡಗಳನ್ನು ಕಟ್ಟುವ ಡೈಸಿ ಒಕ್ಕೂಟ ರೂಪಿಸಿರುವ ಇಬ್ರೈಲ್ ಎಂಬ ಹೊಸ ಕಡತ ಮಾದರಿ, ಇ-ಪುಸ್ತಕಗಳ ಇಪಬ್ ಬುನಾದಿಯ ಮೇಲೆ ನಿಂತು ಶೀರ್ಷಿಕೆ, ಪಟ್ಟಿ, ಭಾಷೆ, ಸ್ಪರ್ಶಚಿತ್ರ ಎಲ್ಲವನ್ನೂ ಒಂದೇ ಕಡತದಲ್ಲಿ ಕಟ್ಟುತ್ತದೆ. ಸಾಲು ಎಲ್ಲಿ ಮುರಿಯಬೇಕೆಂಬುದನ್ನು ಓದುವ ಸಾಧನಕ್ಕೆ ಬಿಡುತ್ತದೆ. 32 ಕೋಶಗಳ 10 ಸಾಲುಗಳಲ್ಲಿ ಅಕ್ಷರವನ್ನೂ ಚಿತ್ರವನ್ನೂ ಎಬ್ಬಿಸುವ ಮೊನಾರ್ಕ್‌ನಂಥ ಫಲಕಗಳಿಗೆ ಬೇಕಾದದ್ದು ಇಂಥ ಕಡತವೇ.

ಕನ್ನಡದಲ್ಲಿ ತೊಡಕಿರುವುದು ಇದಕ್ಕೂ ಹಿಂದಿನ ಹೆಜ್ಜೆಯಲ್ಲಿ. ನಮ್ಮ ಎಷ್ಟೋ ಪುಸ್ತಕಗಳ ಮೂಲ ಕಡತಗಳು ಯೂನಿಕೋಡ್‌ಗೆ ಮುಂಚಿನ ಫಾಂಟ್‌ಗಳಲ್ಲಿವೆ. ಅವು ಕೂಡ ಅಕ್ಷರವನ್ನಲ್ಲ, ಅಚ್ಚಿನ ಆಕಾರವನ್ನು ದಾಖಲಿಸಿದಂಥವು. ಕಾನೂನಿನ ಅಡ್ಡಿ ಇಲ್ಲಿಲ್ಲ: 2012ರ ಕೃತಿಸ್ವಾಮ್ಯ ತಿದ್ದುಪಡಿ ಅಂಗವಿಕಲರಿಗಾಗಿ ಪುಸ್ತಕಗಳ ರೂಪ ಬದಲಿಸಲು ಅವಕಾಶ ಕೊಟ್ಟಿದೆ, ಅಂಧರ ಓದಿಗಾಗಿ ಕೃತಿಸ್ವಾಮ್ಯ ಸಡಿಲಿಸುವ ಮರಾಕೇಶ್ ಒಪ್ಪಂದವನ್ನು 2014ರಲ್ಲಿ ಎಲ್ಲರಿಗಿಂತ ಮೊದಲು ಅನುಮೋದಿಸಿದ ದೇಶ ಭಾರತ. ಪ್ರಕಾಶಕರು ಯೂನಿಕೋಡ್‌ನಲ್ಲಿ, ಶೀರ್ಷಿಕೆಗಳನ್ನು ಗುರುತಿಸಿ, ಚಿತ್ರಗಳಿಗೆ ವಿವರಣೆ ಬರೆದು ಮೂಲ ಕಡತ ಒದಗಿಸಲಿ. ಬ್ರೈಲ್ ಪುಸ್ತಕದ ಅರ್ಧ ಕೆಲಸ ಅಲ್ಲಿಗೇ ಮುಗಿಯುತ್ತದೆ.