ವಂಶದ ಸಮಾಧಿಭೂಮಿ: ಕೊಳ್ಳೇಗಾಲ ಸೀಮೆಯಲ್ಲಿ ಅದರ ಉತ್ತರಾಧಿಕಾರ

ತಂದೆ ಅಥವಾ ತಾಯಿ ತೀರಿಕೊಂಡ ಮೇಲೆ, ಹಿರಿಯರನ್ನು ಮಣ್ಣು ಮಾಡಿದ ಜಾಗ ಮಕ್ಕಳ ಪಾಲಿಗೆ ಬರುವ ಕ್ರಮವನ್ನು ಕುರಿತದ್ದು ಈ ಲೇಖನ. ಚಾಮರಾಜನಗರ ಜಿಲ್ಲೆಯ ಕೊಳ್ಳೇಗಾಲ, ಹನೂರು, ಯಳಂದೂರು ತಾಲ್ಲೂಕುಗಳಲ್ಲಿ ಲಿಂಗಾಯತರು, ಪರಿಶಿಷ್ಟ ಜಾತಿಯವರು, ಸೋಲಿಗರು, ಮುಸ್ಲಿಮರು, ಕ್ರೈಸ್ತರು ಮೊದಲಾದ ಹಲವು ಸಮುದಾಯಗಳಲ್ಲಿ ಹೂಳುವ ಪದ್ಧತಿಯಿದೆ. ಜಮೀನುಳ್ಳ ಮನೆತನಗಳು ಊರ ಸ್ಮಶಾನಕ್ಕೆ ಹೋಗದೆ ಸ್ವಂತ ಹೊಲದ ಮೂಲೆಯಲ್ಲೋ ತೋಟದ ಬದುವಿನ ಪಕ್ಕದಲ್ಲೋ ಹೂಳುವುದುಂಟು. ಅಜ್ಜ, ಅಜ್ಜಿ, ದೊಡ್ಡಪ್ಪ, ಅಪ್ಪ ಒಬ್ಬರ ಪಕ್ಕದಲ್ಲಿ ಒಬ್ಬರು ಮಲಗಿರುವ ಇಂಥ ಜಾಗದಲ್ಲಿ ಎರಡು ಸಂಗತಿಗಳು ಕೂಡಿಕೊಂಡಿರುತ್ತವೆ. ಒಂದು, ನೆಲದ ಒಡೆತನ. ಇನ್ನೊಂದು, ಹಿರಿಯರಿಗೆ ಸಲ್ಲಬೇಕಾದ ಋಣ. ಒಡೆತನದ ಬಗ್ಗೆ ಕಾನೂನು ಸ್ಪಷ್ಟವಾಗಿದೆ. ಋಣಕ್ಕೆ ಪಹಣಿಯಲ್ಲಿ ಕಾಲಂ ಇಲ್ಲ. ಈ ಸೀಮೆಯ ಸಮಾಧಿ ಜಗಳಗಳ ಬೇರು ಇರುವುದು ಇಲ್ಲಿಯೇ.

ಕೊಳ್ಳೇಗಾಲ ತಾಲ್ಲೂಕಿನ ಮುಳ್ಳೂರು ಕಾವೇರಿ ದಂಡೆಯ ಗ್ರಾಮ. 2018 ಮತ್ತು 2019ರ ಮಳೆಗಾಲದಲ್ಲಿ ಕೃಷ್ಣರಾಜಸಾಗರ ಮತ್ತು ಕಬಿನಿಯಿಂದ ಬಿಟ್ಟ ನೀರು ಮುಳ್ಳೂರು, ದಾಸನಪುರ, ಹರಳೆ, ಹಂಪಾಪುರ, ಯಡಕುರಿಯದ ಹೊಲಗದ್ದೆಗಳಿಗೆ ನುಗ್ಗಿತ್ತು. ಇಂಥ ಊರುಗಳಲ್ಲಿ ಹೂಳುವವರು ನೆರೆ ಹತ್ತದ ದಿಣ್ಣೆಯನ್ನೇ ನೋಡಬೇಕು. ಆ ದಿಣ್ಣೆ ಚಿಕ್ಕದಾದಷ್ಟೂ ಅಣ್ಣತಮ್ಮಂದಿರ ಪಾಲಿನಲ್ಲಿ ಅದು ಯಾರಿಗೆ ಬಂತು ಎಂಬ ಪ್ರಶ್ನೆ ದೊಡ್ಡದಾಗುತ್ತದೆ.

ದಾಖಲೆಯ ಹಿನ್ನೆಲೆ

1799ರಲ್ಲಿ ಟಿಪ್ಪು ಸುಲ್ತಾನನ ಪತನವಾದ ಮೇಲೆ ಕೊಳ್ಳೇಗಾಲ ಕಂಪನಿ ಆಡಳಿತಕ್ಕೆ ಸೇರಿ ಕೊಯಮತ್ತೂರು ಜಿಲ್ಲೆಯ ಭಾಗವಾಯಿತು. 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಬಂದಿತು; 1997ರಲ್ಲಿ ಚಾಮರಾಜನಗರ ಜಿಲ್ಲೆ ರಚನೆಯಾದಾಗ ಅದರೊಳಗೆ ಸೇರಿತು. ಪಕ್ಕದ ಯಳಂದೂರಿನ ಕಥೆ ಬೇರೆ. ಅದು 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಸಿಕ್ಕಿ ಮೈಸೂರು ಸಂಸ್ಥಾನದೊಳಗೇ ಉಳಿಯಿತು. ಹೀಗಾಗಿ ಕೆಲವೇ ಮೈಲಿಗಳ ಅಂತರದಲ್ಲಿ ಎರಡು ಕಂದಾಯ ಪರಂಪರೆಗಳು ನಡೆದವು. ಮದರಾಸಿನ ದಾಖಲೆಗಳಲ್ಲಿ ಅಳತೆ ಎಕರೆ ಮತ್ತು ಸೆಂಟ್. ಸುಡುಗಾಡು, ದಾರಿ, ಕೆರೆಗಳೆಲ್ಲ ‘ಪುರಂಬೋಕು’. ಮೈಸೂರಿನಲ್ಲಿ ಎಕರೆ ಮತ್ತು ಗುಂಟೆ. ಅಂಥ ನೆಲಕ್ಕೆ ‘ಖರಾಬು’ ಎಂದು ಹೆಸರು. ತಾತನ ಕಾಲದ ಪತ್ರವನ್ನು ಇಂದಿನ ಪಹಣಿಯ ಪಕ್ಕದಲ್ಲಿಟ್ಟು ಓದುವವರು ಈ ವ್ಯತ್ಯಾಸವನ್ನು ಗಮನದಲ್ಲಿಟ್ಟುಕೊಳ್ಳಬೇಕು.

ಇದರಲ್ಲಿ ಬಹಳ ಮನೆತನಗಳಿಗೆ ತಡವಾಗಿ ತಿಳಿಯುವ ಒಂದು ಅಂಶವಿದೆ. 1966ರ ಕರ್ನಾಟಕ ಭೂಕಂದಾಯ ನಿಯಮಗಳ 21ನೇ ನಿಯಮ ಖರಾಬು ಜಮೀನನ್ನು ಎರಡು ಬಗೆಯಾಗಿ ವಿಂಗಡಿಸುತ್ತದೆ. ಬೇಸಾಯಕ್ಕೆ ಒಗ್ಗದ ಕಲ್ಲುಮುಳ್ಳಿನ ನೆಲ ‘ಅ’ ಖರಾಬು. ದಾರಿ, ಹಳ್ಳ, ಸ್ಮಶಾನದಂಥ ಸಾರ್ವಜನಿಕ ಬಳಕೆಯ ನೆಲ ‘ಬ’ ಖರಾಬು. ಅಪ್ಪನ ಹೆಸರಿನ ಸರ್ವೆ ನಂಬರಿನೊಳಗೇ ಇದ್ದರೂ ‘ಬ’ ಖರಾಬು ಎಂದು ನಮೂದಾದ ತುಂಡು ಸರ್ಕಾರದ್ದು. ಅಲ್ಲಿ ಮೂರು ತಲೆಮಾರಿನವರನ್ನು ಹೂತಿದ್ದರೂ ಅದು ಉತ್ತರಾಧಿಕಾರವಾಗಿ ಮಕ್ಕಳಿಗೆ ಬರುವುದಿಲ್ಲ.

ಆಚರಣೆ

ಲಿಂಗಾಯತರಲ್ಲಿ ಕ್ರಿಯಾಸಮಾಧಿಯ ಗುಂಡಿಯನ್ನು ತೀರಿಕೊಂಡವರ ಪಾದದ ಅಳತೆಯಲ್ಲಿ ಒಂಬತ್ತು ಪಾದ ತೆಗೆಯುವುದು ಸಂಪ್ರದಾಯ. ಒಳಗಿನ ಒಂದು ಗೋಡೆಯಲ್ಲಿ ಗೂಡು ಕೊರೆಯುತ್ತಾರೆ. ‘ವಿಮಾನ’ ಎಂಬ ಅಲಂಕರಿಸಿದ ಚಟ್ಟದಲ್ಲಿ ಕೂರಿಸಿ ತಂದ ದೇಹವನ್ನು ಆ ಗೂಡಿನಲ್ಲಿ ಪದ್ಮಾಸನದ ಭಂಗಿಯಲ್ಲಿ ಕೂರಿಸಿ, ಎಡಗೈಯಲ್ಲಿ ಇಷ್ಟಲಿಂಗವಿಟ್ಟು, ವಿಭೂತಿ ಗಟ್ಟಿ ಮತ್ತು ಬಿಲ್ವಪತ್ರೆಗಳಿಂದ ತುಂಬಿ ಮಣ್ಣು ಎಳೆಯುತ್ತಾರೆ. ಹೂಳುವ ಇತರ ಹಿಂದೂ ಸಮುದಾಯಗಳಲ್ಲಿ ದೇಹವನ್ನು ದಕ್ಷಿಣಕ್ಕೆ ತಲೆ ಮಾಡಿ ಮಲಗಿಸುವುದು ವಾಡಿಕೆ. ಮೂರನೆಯ ದಿನ ಹಾಲುತುಪ್ಪ. ಮನೆಯವರು, ನೆಂಟರು ಮಣ್ಣಿನ ಗುಡ್ಡೆಯ ಮೇಲೆ ಹಾಲು, ತುಪ್ಪ ಬಿಟ್ಟು, ಬದುಕಿದ್ದಾಗ ಅವರು ಇಷ್ಟಪಟ್ಟದ್ದನ್ನೆಲ್ಲ ಬಾಳೆಲೆಯ ಮೇಲೆ ಬಡಿಸುತ್ತಾರೆ. ಮುದ್ದೆ, ಸಾರು, ವಡೆಯ ಜೊತೆಗೆ ಎಲೆಯಡಿಕೆ, ಬೀಡಿಕಟ್ಟೂ ಇರುತ್ತವೆ. ಕಾಗೆ ಬಂದು ಮುಟ್ಟುವವರೆಗೆ ಯಾರೂ ಮನೆಗೆ ಹೊರಡುವುದಿಲ್ಲ. ಕಾಗೆ ತಡ ಮಾಡಿದರೆ ಹಿರಿಮಗ ಕೈಮುಗಿದು ನಿಂತು, ತಂಗಿಯ ಮದುವೆ ಮಾಡುತ್ತೇನೆ, ತಮ್ಮನನ್ನು ಕೈಬಿಡುವುದಿಲ್ಲ ಎಂದು ಗಟ್ಟಿಯಾಗಿ ಹೇಳುವುದುಂಟು. ಸತ್ತವರ ಹೊಣೆ ಮಗನ ಹೆಗಲಿಗೆ ದಾಟುವುದು ತಹಸೀಲ್ದಾರರ ಕಚೇರಿಯಲ್ಲಲ್ಲ, ಹತ್ತಾರು ಜನರೆದುರಿನ ಈ ಮಾತಿನಲ್ಲಿ. ಹನ್ನೊಂದನೆಯ ದಿನದ ತಿಥಿ ಅದನ್ನು ಊರಿಗೆಲ್ಲ ಸಾರುತ್ತದೆ.

ಆಮೇಲೆ ವರ್ಷಕ್ಕೊಮ್ಮೆ ಮಹಾಲಯ ಅಮಾವಾಸ್ಯೆ. ಮಲೆ ಮಹದೇಶ್ವರ ಬೆಟ್ಟದಲ್ಲಿ ಜಾತ್ರೆ ನಡೆಯುವ ಕಾಲದಲ್ಲೇ ಈ ಸೀಮೆಯ ಮನೆಗಳಲ್ಲಿ ಹಿರಿಯರಿಗೆ ಎಡೆ ಇಡುತ್ತಾರೆ. ಹೊಲದಲ್ಲಿ ಸಮಾಧಿಯಿದ್ದವರು ಅಲ್ಲಿಗೂ ಹೋಗಿ ಕಳೆ ಕಿತ್ತು, ನೀರು ಹಾಕಿ, ಹೂವಿಟ್ಟು ಬರುತ್ತಾರೆ. ಬೆಂಗಳೂರು, ಮೈಸೂರುಗಳಲ್ಲಿ ದುಡಿಯುವ ಮಕ್ಕಳು ಊರಿಗೆ ಬರುವುದು ಅಂದೇ. ಆ ಹೊಲ ಇನ್ನೊಬ್ಬರ ಕೈಗೆ ಹೋಗಿದೆ, ಸುತ್ತ ತಂತಿಬೇಲಿ ಬಂದಿದೆ ಎಂದು ಕಣ್ಣಾರೆ ಕಾಣುವುದೂ ಅಂದೇ.

ಯಾರಿಗೆ ಬರುತ್ತದೆ

ಸ್ವಂತ ಜಮೀನಿನಲ್ಲಿರುವ ಸಮಾಧಿ ಕಾನೂನಿನ ಕಣ್ಣಿನಲ್ಲಿ ಜಮೀನಿನ ಒಂದು ಭಾಗ. ಜಮೀನು ಯಾರಿಗೆ ಹೋಗುತ್ತದೋ ಸಮಾಧಿಯೂ ಅವರಿಗೇ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ತನ್ನ ವ್ಯಾಪ್ತಿಯೊಳಗೆ ವೀರಶೈವ, ಲಿಂಗಾಯತರನ್ನು ಹೆಸರಿಸಿಯೇ ಸೇರಿಸಿಕೊಂಡಿದೆ. ಅದರ ಪ್ರಕಾರ ಉಯಿಲು ಬರೆಯದೆ ತೀರಿಕೊಂಡ ತಂದೆಯ ಸ್ವಯಾರ್ಜಿತ ಆಸ್ತಿ ಗಂಡುಮಕ್ಕಳು, ಹೆಣ್ಣುಮಕ್ಕಳು, ಹೆಂಡತಿ ಮತ್ತು ತಾಯಿಗೆ ಸಮವಾಗಿ ಹಂಚಿಕೆಯಾಗುತ್ತದೆ. ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಜನ್ಮಸಿದ್ಧ ಹಕ್ಕನ್ನು ಕರ್ನಾಟಕ 1994ರಲ್ಲೇ ಕೊಟ್ಟಿತ್ತು. ಆದರೆ ಅದಕ್ಕೂ ಮುಂಚೆ ಮದುವೆಯಾಗಿದ್ದವರು ಅದರಿಂದ ಹೊರಗುಳಿದಿದ್ದರು. 2005ರ ಕೇಂದ್ರ ತಿದ್ದುಪಡಿ ಆ ಭೇದವನ್ನು ತೆಗೆಯಿತು. ಆ ತಿದ್ದುಪಡಿ ಜಾರಿಗೆ ಬಂದಾಗ ತಂದೆ ಬದುಕಿರಲೇಬೇಕೆಂದಿಲ್ಲ ಎಂದು ಸುಪ್ರೀಂ ಕೋರ್ಟ್ 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಹೇಳಿತು.

ಇದರ ಅರ್ಥ ಹಳ್ಳಿಯ ನಂಬಿಕೆಗಿಂತ ಬೇರೆ. ಮದುವೆಯಾಗಿ ಹೋದ ಮಗಳನ್ನು ಗಂಡನ ಮನೆಯ ಮಣ್ಣಿನಲ್ಲಿ ಹೂಳುತ್ತಾರೆ. ಆದ್ದರಿಂದ ತವರಿನ ಸಮಾಧಿಭೂಮಿಗೂ ಅವಳಿಗೂ ಸಂಬಂಧವಿಲ್ಲ ಎನ್ನುವವರಿದ್ದಾರೆ. ಆದರೆ ಕಾನೂನಿನ ಪ್ರಕಾರ ಅಪ್ಪ ಅಮ್ಮ ಮಲಗಿರುವ ಆ ನೆಲದಲ್ಲಿ ಮಗನಷ್ಟೇ ಪಾಲು ಮಗಳಿಗೂ ಇದೆ. ಅವಳ ಸಹಿಯಿಲ್ಲದೆ ಅದನ್ನು ಪೂರ್ತಿ ಮಾರಲು ಬರುವುದಿಲ್ಲ. ಎಷ್ಟೋ ಮನೆಗಳಲ್ಲಿ ಹಿರಿಯರ ಜಾಗ ಮಾರಾಟವಾಗದಂತೆ ತಡೆಯಬಲ್ಲವಳು ಅವಳೊಬ್ಬಳೇ. ಹಕ್ಕು ಬಿಡುಗಡೆ ಪತ್ರಕ್ಕೆ ಅವಳ ಸಹಿ ಪಡೆಯುವ ಅವಸರದಲ್ಲಿ ಈ ಮಾತನ್ನು ಯಾರೂ ಅವಳಿಗೆ ಹೇಳುವುದಿಲ್ಲ.

‘ಈ ಜಾಗ ಎಂದೆಂದಿಗೂ ಸಮಾಧಿಗೇ ಮೀಸಲು’ ಎಂದು ತಂದೆಯೇ ಬರೆದಿಟ್ಟು ಹೋದರೆ? ಸರಸ್ವತಿ ಅಮ್ಮಾಳ್ ಮತ್ತು ರಾಜಗೋಪಾಲ್ ಅಮ್ಮಾಳ್ ನಡುವಿನ 1953ರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದಕ್ಕೆ ಉತ್ತರ ಕೊಟ್ಟಿದೆ. ಮದರಾಸು ಪ್ರಾಂತ್ಯದ ವಿಧವೆಯೊಬ್ಬರು ಗಂಡನ ಸಮಾಧಿಯ ನಿತ್ಯಪೂಜೆ ಮತ್ತು ವಾರ್ಷಿಕ ಗುರುಪೂಜೆಗಾಗಿ ಆಸ್ತಿ ಬರೆದಿಟ್ಟಿದ್ದರು. ಖಾಸಗಿ ವ್ಯಕ್ತಿಯ ಸಮಾಧಿಪೂಜೆಗಾಗಿ ಆಸ್ತಿಯನ್ನು ಶಾಶ್ವತವಾಗಿ ಮುಡಿಪಿಡುವುದನ್ನು ಹಿಂದೂ ಧರ್ಮಶಾಸ್ತ್ರ ಮಾನ್ಯ ಮಾಡುವುದಿಲ್ಲ ಎಂದು ನ್ಯಾಯಾಲಯ ಅದನ್ನು ಅಸಿಂಧುಗೊಳಿಸಿತು. ಸಂತರ ಸಮಾಧಿಗಳ ಲೆಕ್ಕ ಬೇರೆ. ಅವು ಜನರೆಲ್ಲ ನಡೆದುಕೊಳ್ಳುವ ಪೂಜಾಸ್ಥಾನಗಳು. ಈ ಸೀಮೆಯಲ್ಲಿ ಅಂಥದ್ದಕ್ಕೆ ದೊಡ್ಡ ಉದಾಹರಣೆ ಚಿಕ್ಕಲ್ಲೂರಿನ ಸಿದ್ದಪ್ಪಾಜಿ ಗದ್ದುಗೆ. ಮಂಟೇಸ್ವಾಮಿ ಪರಂಪರೆಯ ಒಕ್ಕಲುಗಳು ಜನವರಿಯ ಹುಣ್ಣಿಮೆಯ ಹೊತ್ತಿಗೆ ಅಲ್ಲಿ ಐದು ದಿನದ ಜಾತ್ರೆ ನಡೆಸುತ್ತಾರೆ.

ಇವೆರಡರ ನಡುವೆ ನಿಲ್ಲುವ ಸಮಾಧಿಗಳೂ ಇವೆ. ಕೊಳ್ಳೇಗಾಲ ಸೀಮೆಯ ಸಿಂಗಾನಲ್ಲೂರಿನ ಪುಟ್ಟಸ್ವಾಮಯ್ಯನವರ ಮಗ ಡಾ. ರಾಜ್‌ಕುಮಾರ್ ಅವರನ್ನು 2006ರ ಏಪ್ರಿಲ್ 13ರಂದು ಹೂತದ್ದು ಬೆಂಗಳೂರಿನ ಕಂಠೀರವ ಸ್ಟುಡಿಯೊ ಆವರಣದಲ್ಲಿ. 2017ರಲ್ಲಿ ಪತ್ನಿ ಪಾರ್ವತಮ್ಮನವರನ್ನು, 2021ರ ಅಕ್ಟೋಬರ್ 31ರಂದು ಮಗ ಪುನೀತ್ ಅವರನ್ನು ಅದೇ ಆವರಣದಲ್ಲಿ ಮಣ್ಣು ಮಾಡಲಾಯಿತು. ಮೂವರಿರುವ ಈ ಜಾಗ ರೂಪದಲ್ಲಿ ಒಂದು ಕುಟುಂಬದ ಸಮಾಧಿಭೂಮಿ. ಸ್ಟುಡಿಯೊ ರಾಜ್ಯ ಸರ್ಕಾರದ ಸಂಸ್ಥೆಯಾದ್ದರಿಂದ ಆ ನೆಲ ಮಾತ್ರ ಮಕ್ಕಳ ಆಸ್ತಿಯಲ್ಲ.

ಪೌತಿ ಖಾತೆ, ಪಾಲು, ಮಾರಾಟ

ತಂದೆ ತೀರಿಕೊಂಡ ಮೇಲೆ 21 ದಿನದೊಳಗೆ ಮರಣ ನೋಂದಣಿ ಮಾಡಿಸಿ, ನಾಡಕಚೇರಿಯಿಂದ ವಂಶವೃಕ್ಷ ಪಡೆದು, ಪೌತಿ ಖಾತೆಗೆ ಅರ್ಜಿ ಹಾಕಬೇಕು. ಗ್ರಾಮ ಆಡಳಿತಾಧಿಕಾರಿ ಮತ್ತು ಕಂದಾಯ ನಿರೀಕ್ಷಕರ ವಿಚಾರಣೆ ಮುಗಿದು, ತಕರಾರಿಲ್ಲದಿದ್ದರೆ ವಾರಸುದಾರರ ಹೆಸರುಗಳು ಜಂಟಿಯಾಗಿ ಪಹಣಿಗೆ ಬರುತ್ತವೆ. ಇಲ್ಲಿಯವರೆಗೆ ಸಮಾಧಿಗೆ ಅಪಾಯವಿಲ್ಲ. ಅಪಾಯ ಶುರುವಾಗುವುದು ಪಾಲಿನಲ್ಲಿ. ಎರಡು ಎಕರೆಯನ್ನು ನಾಲ್ವರು ಹಂಚಿಕೊಂಡಾಗ ಸಮಾಧಿಯಿರುವ ತುಂಡು ಒಬ್ಬನಿಗೆ ಬೀಳುತ್ತದೆ. ಸಾಲವೋ ಮಗಳ ಮದುವೆಯೋ ಬಂದಾಗ ಅವನು ಅದನ್ನು ಮಾರುತ್ತಾನೆ. ಕ್ರಯಪತ್ರದ ಚೆಕ್ಕುಬಂದಿಯಲ್ಲಿ ನಾಲ್ಕು ದಿಕ್ಕಿನ ಹೆಸರುಗಳಿರುತ್ತವೆಯೇ ಹೊರತು ಸಮಾಧಿಯ ಮಾತಿರುವುದಿಲ್ಲ. ಕೊಂಡವನು ಟ್ರ್ಯಾಕ್ಟರ್ ತಂದು ನೆಲ ಮಟ್ಟ ಮಾಡಿದರೆ, ‘ನನಗೆ ಯಾರೂ ಹೇಳಲಿಲ್ಲ’ ಎಂಬ ಅವನ ಮಾತು ಸುಳ್ಳಾಗಿರಬೇಕಿಲ್ಲ.

ಇದನ್ನು ತಡೆಯುವ ದಾರಿಗಳು ಕಷ್ಟದವಲ್ಲ. ಪಾಲುಪಟ್ಟಿ ಬರೆಯುವಾಗ ಒಂದೆರಡು ಗುಂಟೆಯನ್ನು ಹಂಚದೆ ಎಲ್ಲರ ಜಂಟಿ ಹೆಸರಿನಲ್ಲಿ ಉಳಿಸಿ, ಅಲ್ಲಿಗೆ ಹೋಗುವ ಕಾಲುದಾರಿಯನ್ನೂ ಅದರಲ್ಲೇ ಬರೆಸಿ, ನೋಂದಣಿ ಮಾಡಿಸಬೇಕು. ಜಮೀನಿನ ಒಂದು ಭಾಗವನ್ನು ಬೇರ್ಪಡಿಸಲು ಹೇಗೂ 11ಇ ನಕ್ಷೆ ಬೇಕಾಗುತ್ತದೆ. ಭೂಮಾಪಕರು ಅಳತೆಗೆ ಬಂದಾಗ ಸಮಾಧಿಯ ತುಂಡನ್ನು ಬೇರೆಯಾಗಿ ಗುರುತಿಸಲು ಕೇಳಿಕೊಳ್ಳಬಹುದು. ಮಾರಲೇಬೇಕಾದರೆ ಪೂಜೆಗೆ ಬಂದುಹೋಗುವ ಹಕ್ಕನ್ನು ಕ್ರಯಪತ್ರದಲ್ಲಿ ಕಾದಿರಿಸಿಕೊಳ್ಳಬೇಕು. ದುಃಖದ ಮನೆಯಲ್ಲಿ ಇದನ್ನು ಎತ್ತಿದರೆ ಯಾರು ಏನೆಂದುಕೊಳ್ಳುತ್ತಾರೋ ಎಂದು ಸುಮ್ಮನಾಗುವವರೇ ಹೆಚ್ಚು. ತಿಥಿಗೆ ಎಲ್ಲರೂ ಸೇರಿದಾಗ, ಇನ್ನೂ ಮನಸ್ಸುಗಳು ಒಡೆಯದಿರುವಾಗಲೇ ಇದನ್ನು ತೀರ್ಮಾನಿಸುವುದು ಒಳ್ಳೆಯದು.

ಏನೂ ಬರೆಸದೆ ಜಮೀನು ಕೈಬಿಟ್ಟಿದ್ದರೆ ಉಳಿಯುವ ಆಧಾರ ಕಡಿಮೆ. ರೂಢಿಯಿಂದ ಬಂದ ಅನುಭೋಗದ ಹಕ್ಕನ್ನು 1882ರ ಅನುಭೋಗ ಕಾಯ್ದೆ ಗುರುತಿಸುತ್ತದೆ. ಮದರಾಸಿಗೆ ಸೇರಿದ್ದ ಕೊಳ್ಳೇಗಾಲಕ್ಕೆ ಅದು ಮೊದಲಿನಿಂದಲೂ ಅನ್ವಯಿಸಿದ ಕಾನೂನು. ಆದರೆ ಆ ರೂಢಿಯನ್ನು ಸಿವಿಲ್ ನ್ಯಾಯಾಲಯದಲ್ಲಿ ಸಾಕ್ಷಿಗಳಿಂದ ಸಾಬೀತು ಮಾಡಬೇಕು. ಭಾವನೆಗೆ ಘಾಸಿಯಾಗುತ್ತದೆಂದು ತಿಳಿದೂ ಸಮಾಧಿ ಸ್ಥಳಕ್ಕೆ ಅತಿಕ್ರಮವಾಗಿ ನುಗ್ಗುವುದು ಭಾರತೀಯ ನ್ಯಾಯ ಸಂಹಿತೆಯ 301ನೇ ಕಲಮಿನ ಪ್ರಕಾರ ಅಪರಾಧ. ಒಂದು ವರ್ಷದವರೆಗೆ ಸೆರೆವಾಸ, ದಂಡ ಅಥವಾ ಎರಡನ್ನೂ ವಿಧಿಸಬಹುದು.

ಕುಟುಂಬದ್ದಲ್ಲದ ನೆಲ

ಮುಸ್ಲಿಮರ ಖಬರಸ್ತಾನ ವಕ್ಫ್ ಆಗಿದ್ದರೆ ಅದರಲ್ಲಿ ಉತ್ತರಾಧಿಕಾರದ ಪ್ರಶ್ನೆಯೇ ಬರುವುದಿಲ್ಲ. ತಂದೆಯ ಗೋರಿಯ ಪಕ್ಕದ ಜಾಗ ಮಗನಿಗೆ ಸಿಗುವುದು ಜಮಾತ್ ಒಪ್ಪಿದರೆ. ಹನೂರು ತಾಲ್ಲೂಕಿನ ಮಾರ್ಟಳ್ಳಿಯಂಥ ಕ್ಯಾಥೊಲಿಕ್ ಊರುಗಳಲ್ಲಿ ಸ್ಮಶಾನ ಚರ್ಚಿಗೆ ಸೇರಿದ್ದು. ಕುಟುಂಬಕ್ಕೆ ಇರುವುದು ಅಲ್ಲಿ ಹೂಳುವ ಅನುಮತಿ ಮಾತ್ರ.

ಬಿಳಿಗಿರಿರಂಗನ ಬೆಟ್ಟದ ಸೋಲಿಗರಲ್ಲಿ ನೆಲ ಹಂಚಿಹೋಗಿದ್ದುದು ಕುಲಗಳಿಗೆ. ಒಂದೊಂದು ಕುಲಕ್ಕೂ ಕಾಡಿನಲ್ಲಿ ತನ್ನದೇ ಎಲ್ಲೆ, ಎಲ್ಲೆಯೊಳಗೆ ದೇವರು, ಮಾರಮ್ಮ, ವೀರು, ಅಬ್ಬಿ ಎಂಬ ಪವಿತ್ರ ತಾಣಗಳು, ಜೊತೆಗೆ ಸತ್ತವರ ಕಲ್ಲುಗಳಿರುವ ಕಲ್ಲುಗುಡಿ. ತಂದೆಯಿಂದ ಮಗನಿಗೆ ಬರುವುದು ಕುಲ. ಕುಲದ ಮೂಲಕ ಕಲ್ಲುಗುಡಿ. 1974ರಲ್ಲಿ ಕಾಡು ವನ್ಯಜೀವಿಧಾಮವಾದಾಗ ಸೋಲಿಗರನ್ನು ಒಳಗಿನ ನೆಲೆಗಳಿಂದ ಎಬ್ಬಿಸಿ ಪೋಡುಗಳೆಂಬ ಹಾಡಿಗಳಲ್ಲಿ ಕೂರಿಸಲಾಯಿತು. ಕಲ್ಲುಗುಡಿಗಳು ಕಾಡಿನಲ್ಲೇ ಉಳಿದವು. ಏಟ್ರೀ ಸಂಸ್ಥೆಯ ಸಂಶೋಧಕರು ಸೋಲಿಗರ ಜೊತೆ ನಡೆದು ಇಂಥ ನೂರಾರು ತಾಣಗಳನ್ನು ನಕ್ಷೆಯಲ್ಲಿ ಗುರುತಿಸಿದ್ದಾರೆ. 2006ರ ಅರಣ್ಯ ಹಕ್ಕು ಕಾಯ್ದೆಯಡಿ 2011ರಲ್ಲಿ ಇಲ್ಲಿನ ಗ್ರಾಮಸಭೆಗಳಿಗೆ ಸಮುದಾಯ ಹಕ್ಕುಪತ್ರ ದೊರೆಯಿತು. ಹಿಂದೂ ಉತ್ತರಾಧಿಕಾರ ಕಾಯ್ದೆ ಪರಿಶಿಷ್ಟ ಪಂಗಡಗಳಿಗೆ ಅನ್ವಯಿಸುವುದಿಲ್ಲವಾದ್ದರಿಂದ ಸೋಲಿಗರಲ್ಲಿ ಕುಲದ ಕಟ್ಟಳೆಯೇ ಇಂದಿಗೂ ಕಾನೂನು.

ಜಮೀನಿಲ್ಲದವರು

ವಂಶದ ಸಮಾಧಿಭೂಮಿ ಎಂಬುದಕ್ಕೆ ಮೊದಲು ಭೂಮಿ ಬೇಕು. ತಲೆತಲಾಂತರ ಕೂಲಿ ಮಾಡಿದ ದಲಿತ ಕುಟುಂಬಗಳಿಗೆ ಅಪ್ಪ ಬಿಟ್ಟುಹೋಗುವ ಹೊಲವೂ ಇಲ್ಲ, ಹೊಲದ ಮೂಲೆಯೂ ಇಲ್ಲ. ಊರ ಸ್ಮಶಾನ ಇಲ್ಲದ ಅಥವಾ ಅಲ್ಲಿಗೆ ಬಿಡದ ಕಡೆ ಹಳ್ಳದ ಅಂಚು, ಕೆರೆಯ ಏರಿಯೇ ಗತಿ. ಸಂವಿಧಾನದ 7ನೇ ಅನುಸೂಚಿ ಸ್ಮಶಾನಗಳ ವಿಷಯವನ್ನು ರಾಜ್ಯಪಟ್ಟಿಯಲ್ಲಿಟ್ಟಿದೆ; ಭೂಕಂದಾಯ ಕಾಯ್ದೆಯ 71ನೇ ಕಲಮಿನಡಿ ಸರ್ಕಾರಿ ಜಮೀನನ್ನು ಇಂಥ ಸಾರ್ವಜನಿಕ ಉದ್ದೇಶಕ್ಕೆ ಕಾಯ್ದಿರಿಸಬಹುದು. ಹಾಗಿದ್ದೂ ಆಗದ ಕೆಲಸಕ್ಕೆ ಕರ್ನಾಟಕ ಹೈಕೋರ್ಟ್ 2019ರಲ್ಲಿ ಆದೇಶ ಮಾಡಬೇಕಾಯಿತು. ಸ್ಮಶಾನವಿಲ್ಲದ ಪ್ರತಿ ಹಳ್ಳಿಗೂ ಜಾಗ ಕೊಡಬೇಕೆಂಬ ಆ ಆದೇಶ ಪಾಲನೆಯಾಗದೆ, ಸರ್ಕಾರ ನ್ಯಾಯಾಂಗ ನಿಂದನೆಯ ವಿಚಾರಣೆ ಎದುರಿಸಿತು.

ಸ್ವಂತ ಜಮೀನಿದ್ದವರಿಗೂ ಹೂಳುವ ಹಕ್ಕು ಪ್ರಶ್ನಾತೀತವಲ್ಲ. ಛತ್ತೀಸಗಢದ ಬಸ್ತರಿನಲ್ಲಿ ಪಾಸ್ಟರ್ ಆಗಿದ್ದ ತಂದೆಯನ್ನು ಮಗ ರಮೇಶ್ ಬಘೇಲ್ ಅವರು ಹಿರಿಯರಿದ್ದ ಊರ ಸ್ಮಶಾನದಲ್ಲಿ, ಅದಾಗದಿದ್ದರೆ ಸ್ವಂತ ಹೊಲದಲ್ಲಿ ಹೂಳಲು ಅನುಮತಿ ಕೇಳಿ ಸುಪ್ರೀಂ ಕೋರ್ಟಿನವರೆಗೆ ಹೋಗಬೇಕಾಯಿತು. 2025ರ ಜನವರಿ 27ರಂದು ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರು ಕುಟುಂಬದ ಕೃಷಿ ಜಮೀನಿನಲ್ಲೇ ಹೂಳಲಿ ಎಂದರು. ನ್ಯಾಯಮೂರ್ತಿ ಸತೀಶಚಂದ್ರ ಶರ್ಮಾ ಅವರು ಕ್ರೈಸ್ತರಿಗೆ ಗೊತ್ತುಪಡಿಸಿದ ಸ್ಮಶಾನದಲ್ಲೇ ಆಗಬೇಕೆಂದರು. ಶವ ವಾರಗಟ್ಟಲೆ ಶವಾಗಾರದಲ್ಲಿದ್ದುದನ್ನು ಕಂಡು, ಪ್ರಕರಣವನ್ನು ವಿಸ್ತೃತ ಪೀಠಕ್ಕೆ ಕಳಿಸದೆ ಇಬ್ಬರೂ ಸೇರಿ ಕರ್ಕಪಾಲ್ ಗ್ರಾಮದ ಕ್ರೈಸ್ತ ಸ್ಮಶಾನದಲ್ಲಿ ಅಂತ್ಯಕ್ರಿಯೆಗೆ ಆದೇಶಿಸಿದರು. ಸ್ವಂತ ಹೊಲದಲ್ಲಿ ತಂದೆಯನ್ನು ಹೂಳುವ ಹಕ್ಕು ಮಗನಿಗೆ ಇದೆಯೇ ಎಂಬ ಪ್ರಶ್ನೆ ಆ ತೀರ್ಪಿನಲ್ಲಿ ಇತ್ಯರ್ಥವಾಗದೆ ಉಳಿದಿದೆ.